ಮಾವನೋರ ತಲಿಗಿ ಕೂದಲ ಬಂದದ್ದು

ನಮ್ಮ ಮಾವನೋರ ಬಾಯಾಗಿಂದ ಒಂದೇ ಒಂದು ಸಲ "ಭೇಷ್" ಅನಿಸ್ಕೋಬೇಕು ಅನ್ನೋದು ಮದವಿ ಆದಾಗಿನಿಂದ ನನ್ನ ಜೀವನದ ಪರಮ ಗುರಿ. ಅವ್ರು ಮಣ್ಣೂರ ಶಾಲಿಯಾಗ ಕನ್ನಡ ಮಾಸ್ತರು. ಊರಾಗಿನ ಅರ್ಧ ಮಂದಿಗಿ ಅಆಇಈ ತಿದ್ದಿಸಿದವ್ರು. ನಂದು ಆಳಂದ ಬಸ್‌ಸ್ಟ್ಯಾಂಡ್ ಹತ್ರ ಬ್ಯಾನರ್ ಪ್ರಿಂಟ್ ಮಾಡೋ ಅಂಗಡಿ. ಅವ್ರು ಮನಿಗಿ ಬಂದಾಗೆಲ್ಲ ಚಹಾ ಕುಡದು, ತುಟಿ ಒರಸ್ಕೊಂಡು, "ಅಳಿಯಂದ್ರ, ಇದನ್ನ ಬಿಟ್ಟು ಬ್ಯಾರೆ ಏನರೆ ಕೆಲಸ ನೋಡೀರೇನು?" ಅಂತ ಕೇಳೋರು.

ಅಂಥವ್ರು ತಾವು ರಿಟೈರ್ ಆಗೋ ಸಮಾರಂಭದ ಬ್ಯಾನರ್ ನೀವೇ ಮಾಡ್ರಿ ಅಂತ ತಾವಾಗೇ ಫೋನ್ ಹಚ್ಚಿದ್ರು. ನಾ ಹಿಗ್ಗಿ ಹೀರಿಕಾಯಿ ಆದೆ. ಹೆಂಡತಿ ಮಹಾದೇವಿ ಮಾತ್ರ ಹಿಗ್ಗಲಿಲ್ಲ. "ತವರ ಮಂದಿ ಎಲ್ಲಾ ಬರ್ತಾರ. ನನ್ನ ಮಾನ ನಿಮ್ಮ ಮಶೀನಿನ್ಯಾಗ ಅದ ನೋಡ್ರಿ" ಅಂದ್ಲು.

ಆಕಿ ಮಾನ ಮಶೀನಿನ ಒಳಗ ಹೋಗೋದ್ರಾಗ ಇಂಕ್ ಹೊರಗ ಬರಾಕತ್ತಿತ್ತು. ಕೆಂಪ ಇಂಕ್, ತಟ್ ತಟ್ ಅಂತ ನೆಲಕ್ಕ. ಲಿಂಗ ಕಟ್ಟಿದವ್ರ ಅಂಗಡಿಯಾಗ ಕೋಳಿ ಕೊಯ್ದಂಗ ಮಾಡೀರಲ್ಲ ಅಂತ ಮಹಾದೇವಿ ಬೈದ್ಲು. ಬಟ್ಟಿ ಕಟ್ಟಿದೆ, ಬಟ್ಟಿ ಕೆಂಪಾತು. ಟೇಪ್ ಸುತ್ತಿದೆ, ಟೇಪ್ ಜಾರಿ ಬಿತ್ತು. ಬೆವರ ಒರಸ್ಕೊಂಡೆ, ಮಾರಿನೂ ಕೆಂಪಾತು.

ಕಡೀಕ ಸೋಲಾಪುರದ ಮೆಕ್ಯಾನಿಕ್‌ಗ ಫೋನ್ ಹಚ್ಚಿದೆ. ಅವ ಬಸ್ಸಿನ್ಯಾಗ ಕುಂತಿದ್ದ. ಇತ್ತ ಅಂಗಡಿ ಮುಂದ ರಸ್ತಾ ಮಾಡೋ ರೋಲರ್ ಗಡಗಡ ಅನ್ನಾಕತ್ತಿತ್ತು. ಅಷ್ಟು ಗದ್ದಲದಾಗೂ ಅವ ಹೇಳಿದ್ದು ನನಗ ಸ್ಪಷ್ಟ ಕೇಳಿಸ್ತು.

"ಅಣ್ಣಾ, ಡಾಂಬರ್ ಹೋಗ್ಯಾದ. ಹೊಸಾದು ಹಾಕ್ರಿ, ಲೀಕ್ ಬಂದ್ ಆಗ್ತದ."

ಹೌದಲ್ಲ! ಮನಿ ಮಾಳಗಿ ಸೋರಿದ್ರ ಡಾಂಬರೇ ಹಾಕ್ತೀವಿ. ಮಶೀನಿಗೇನು ಬ್ಯಾರೆ ನ್ಯಾಯ ಅದಾ? ಮತ್ತ ದೇವರ ದಯಾ ನೋಡ್ರಿ, ಡಾಂಬರ್ ಅಂಗಡಿ ಮುಂದೇ ಕುದಿಯಾಕತ್ತಿತ್ತು. ಹಳೇ ಡಬ್ಬಿ ಹಿಡಕೊಂಡು ಹೋದೆ. ಮನಿ ಸೋರ್ತದೇನ್ರಿ ಅಂತ ರಸ್ತಾ ಕೆಲಸದವ ಕೇಳಿದ. ಇಲ್ಲ, ಪ್ರಿಂಟರ್ ಅಂದೆ. ಅವ ನನ್ನ ಕೆಂಪ ಮಾರಿ ನೋಡಿ, ಡಬ್ಬಿ ತುಂಬಿ ಕೊಟ್ಟ.

ಡಾಂಬರ್ ಸ್ವಲ್ಪ ಆರಿದ ಮ್ಯಾಲ ಮುದ್ದಿ ಮಾಡಿ ಸೋರೋ ಜಾಗಕ್ಕ ಮೆತ್ತಿದೆ. ಹೀಗೆ ಸದರಿ ಯಂತ್ರದ ಸೋರುವಿಕೆಯನ್ನು ವೈಜ್ಞಾನಿಕವಾಗಿ ತಡೆಗಟ್ಟಲಾಯಿತು.

ಪ್ರಿಂಟ್ ಶುರು ಆತು. ಕಾಲಿನ ಕಡೀಂದ ಮಾವನೋರು ಹೊರಗ ಬರಾಕತ್ತಿದ್ರು. ಧೋತರ ಬಂತು, ಕೋಟು ಬಂತು, ಹಣೀ ಮ್ಯಾಲಿನ ವಿಭೂತಿ ಬಂತು. ಒಂದು ಹನಿ ಸೋರ್ಲಿಲ್ಲ. ನಾ ಇಂಜಿನಿಯರ್ ಆಗಬೇಕಿತ್ತು ನೋಡು ಅಂತ ಹೆಂಡತಿಗಿ ಹೇಳೋದ್ರಾಗ ಮಾವನೋರ ಬೋಳ ತಲಿ ಹೊರಗ ಬಂತು. ಇಂಕ್ ತಾಗಿದ್ರ ಡಾಂಬರ್ ಕರಗ್ತದ ಅಂತ ನನಗ್ಯಾರೂ ಹೇಳಿದ್ದಿಲ್ಲ. ಪಚಕ್ ಅಂತ ಇಡೀ ಮುದ್ದಿ ಆ ತಲಿ ಮ್ಯಾಲೇ ಬಿತ್ತು! ಮಶೀನೂ ನಿಂತು ಹೋತು.

ಒರಸಿದಷ್ಟೂ ಅದು ಹರಡ್ತು. ಮಹಾದೇವಿ ಅಲ್ಲೇ ಸ್ಟೂಲ್ ಮ್ಯಾಲ ಕುಂತು ಸೆರಗಿಲೆ ಕಣ್ಣ ಒರಸ್ಕೊಂಡ್ಲು. ಬ್ಯಾರೆ ಬ್ಯಾನರ್ ಮಾಡಾಕ ಮಶೀನ್ ಇಲ್ಲ, ಟೈಮೂ ಇಲ್ಲ. ಬಾಚಣಿಕಿ ತಗೊಂಡು ಆ ಡಾಂಬರಿಗೆ ನೀಟಾಗಿ ಬೈತಲಿ ತಗದೆ.

ಮರುದಿನ ಮಣ್ಣೂರ ಶಾಲಿ ಮೈದಾನದಾಗ ಬ್ಯಾನರ್ ಕಟ್ಟಿದ್ವಿ. ಮಾವನೋರು ತಮ್ಮ ತಲಿ ತುಂಬ ಕೂದಲ ಬಹಳ ಹೊತ್ತು ನೋಡಿದ್ರು. ಕೈ ತಾನಾಗೇ ಬೋಳ ತಲಿ ಮ್ಯಾಲ ಹೋತು. ಮುಖದಾಗ ನಗಿ ಬಂತು. "ಅಳಿಯಂದ್ರ, ಭೇ..." ಅಂದ್ರು. ಅಷ್ಟರಾಗ ವೇದಿಕಿಗಿ ಬರ್ರಿ ಅಂತ ಯಾರೋ ಕರಕೊಂಡು ಹೋದ್ರು. ಇನ್ನರ್ಧ ಅಕ್ಷರ ಸಂಜಿಗಿ ಸಿಗ್ತದ ಅಂತ ನಾ ಕಾಲ ಮ್ಯಾಲ ಕಾಲ ಹಾಕ್ಕೊಂಡು ಕುಂತೆ.

ಬಿಸಲ ಏರಿತು. ಅತಿಥಿಗಳು ಮೈಕ್ ಹಿಡದು, ನಮ್ಮ ಗುರುಗಳು ಅಂದು ಹೆಂಗಿದ್ರೋ ಇಂದೂ ಹಂಗೇ ಅದಾರ ಅನ್ನಾಕತ್ತಿದ್ರು. ಅವ್ರ ಹಿಂದ ಗುರುಗಳ ಕೂದಲ ಇಳಿಯಾಕತ್ತಿತ್ತು. ಮೊದಲ ವಿಭೂತಿ ಮುಚ್ಚಿತು. ಆಮ್ಯಾಲ ಮೀಸಿ ಬಂತು. ಅತಿಥಿಗಳು ಭಾಷಣ ಮುಗಸೋದ್ರಾಗ ಗಡ್ಡಾನೂ ಬಂದಿತ್ತು. ಮುಂದ ಕುಂತ ಒಂದನೇತ್ತೆ ಮಕ್ಕಳು ಬಿದ್ದು ಬಿದ್ದು ನಗಾಕತ್ತಿದ್ವು.

ಮಾವನೋರು ಎದ್ದು ಬಂದು ಗಡ್ಡ ಮುಟ್ಟಿದ್ರು, ಬೆರಳ ಮೂಸಿದ್ರು, ನನ್ನ ಕರದು ಇದೇನು ಅಂತ ಕೇಳಿದ್ರು. ಮೆಕ್ಯಾನಿಕ್ ಹೇಳಿದಂಗ ಮಾಡೀನ್ರಿ ಅಂದೆ. ಅವಗ ಫೋನ್ ಹಚ್ಚಿಸಿ, ಸ್ಪೀಕರ್ ಹಾಕ್ಸಿದ್ರು. ಬಾಜೂಕೇ ಮೈಕ್ ಇತ್ತು.

"ಡಾಂಬರ್ ಅಲ್ರೀ, ಡ್ಯಾಂಪರ್!" ಅಂತ ಊರಿಗೇ ಕೇಳಂಗ ಅಂದ ಅವ. "ಇಂಕ್ ಹಾದು ಹೋಗೋ ಸಣ್ಣ ಪ್ಲಾಸ್ಟಿಕ್ ಡಬ್ಬಿ ಅದು."

ಮಾವನೋರು ಬೈಲಿಲ್ಲ. ಬೈದಿದ್ರ ಛಲೋ ಇತ್ತು. ಮೈಕ್ ನನ್ನ ಕೈಯಾಗ ಕೊಟ್ಟು, "ಅಳಿಯಂದ್ರ, ಪ ಫ ಬ ಭ ಮ ಅನ್ರಿ" ಅಂದ್ರು. ಅಂದೆ. ಡ್ಯಾಂಪರ್‌ದಾಗ ಯಾವ ಅಕ್ಷರ ಅದ ಅಂತ ಕೇಳಿದ್ರು. ಗಾಬರಿಯಾಗ ನನ್ನ ಬಾಯಿಂದ "ಬ" ಅಂತ ಬಂತು. ಒಂದನೇತ್ತೆ ಹುಡುಗಿ ಒಬ್ಬಾಕಿ ಎದ್ದು ನಿಂತು "ಪ ರೀ ಸರ್" ಅಂದ್ಲು.

"ಭೇಷ್" ಅಂದ್ರು ಮಾವನೋರು, ಆಕಿಗಿ.

ಅವತ್ತೇ ಅವ್ರು ರಿಟೈರ್ ಆದ್ರು ಅಂತ ಊರ ಮಂದಿ ತಿಳಕೊಂಡಾರ. ಸುಳ್ಳು. ಪ್ರತಿ ಐತವಾರ ಆಳಂದಕ್ಕ ಬರ್ತಾರ. ಬ್ಯಾರೆ ಕೆಲಸ ನೋಡೀರೇನು ಅಂತ ಈಗ ಕೇಳಂಗಿಲ್ಲ. ಚಹಾ ಕುಡದು, ತುಟಿ ಒರಸ್ಕೊಂಡು, "ಪಾಟಿ ಬಳಪ ತಗೀರಿ ಅಳಿಯಂದ್ರ" ಅಂತಾರ.