ನಿಂತಲ್ಲೇ ಓಡಿದ ಕಾರು

ಲೀಟರಿಗೆ ಇಪ್ಪತ್ತಾರು ಎಂದು ಅಚ್ಚು ಹಾಕಿಸಿ ಹದಿನಾರು ಕೊಡುವುದಕ್ಕೆ ಏನೆನ್ನಬೇಕು? ಕಾರಿನ ಕಂಪನಿಯವರು ಮೈಲೇಜು ಎನ್ನುತ್ತಾರೆ. ನಮ್ಮ ಕಥೆಯ ಯಜಮಾನರು ಹಗಲು ದರೋಡೆ ಎಂದರು. ಪೆಟ್ರೋಲ್ ಬಂಕಿನಲ್ಲಿ ಎರಡನೆಯ ಸಲ ಟ್ಯಾಂಕು ತುಂಬಿಸಿ ಲೆಕ್ಕ ಹಾಕಿದ ಗಳಿಗೆಯಿಂದ ಅವರ ಬಾಯಿಗೆ ಬ್ರೇಕೇ ಇರಲಿಲ್ಲ.

ಯಜಮಾನರು ಮಿಕ್ಸಿ ಕಾರ್ಖಾನೆಯಲ್ಲಿ ತಪಾಸಣಾಧಿಕಾರಿ. ಅಂಥವರನ್ನೇ ಏಮಾರಿಸುವುದೆಂದರೆ! ಆ ಕಾರಿನ ಬಣ್ಣ ಹೆಂಡತಿಗೆ ಹಿಡಿಸಿರಲಿಲ್ಲ, ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. “ಲೀಟರಿಗೆ ಇಪ್ಪತ್ತಾರು ಕಣೇ! ತಿಂಗಳು ತಿಂಗಳೂ ನಿನ್ನ ತವರಿಗೆ ಕರ್ಕೊಂಡು ಹೋಗ್ತೀನಿ” ಎಂದು ಇವರು ಎದೆ ತಟ್ಟಿ ಹೇಳಿದ್ದರು. ಆಕೆ ಬಣ್ಣವನ್ನೂ ಮೊಣಕಾಲನ್ನೂ ನುಂಗಿಕೊಂಡದ್ದು ಆ ಒಂದು ಮಾತಿಗಾಗಿ.

ಈಗ ಅದೇ ಮಹಾನುಭಾವರು ಘೋಷಿಸಿದರು: “ಕಂಪನಿ ಉತ್ತರ ಕೊಡೋವರೆಗೂ ತವರಿನ ಪ್ರಯಾಣ ಬಂದ್!”

“ಕಂಪನಿಯೋರು ಸುಳ್ಳು ಹೇಳಿದ್ರೆ ನಮ್ಮಮ್ಮನಿಗೆ ಯಾಕ್ರೀ ಶಿಕ್ಷೆ?”

“ಫೋನ್ ಮಾಡು. ಫೋನಿಗೆ ಪೆಟ್ರೋಲ್ ಬೇಕಿಲ್ಲ.”

“ಪಕ್ಕದಲ್ಲಿ ಸಿಡಿಲು ಬಿದ್ರೆ ‘ಯಾರೋ ಬಾಗಿಲು ತಟ್ಟಿದ ಹಾಗಾಯ್ತಲ್ಲ’ ಅನ್ನೋಳು ನಮ್ಮಮ್ಮ. ಅವಳ ಹತ್ರ ಫೋನಲ್ಲಿ ಏನಂತ ಮಾತಾಡ್ಲಿ? ಎದುರಿಗೆ ಕೂತು ತುಟಿ ಆಡಿಸಿದ್ರೇನೇ ಅವಳಿಗೆ ತಿಳಿಯೋದು.”

ಯಜಮಾನರು ಕರಗಲಿಲ್ಲ. ಶನಿವಾರ ಹೆಂಡತಿಯನ್ನೇ ಸಾಕ್ಷಿಯಾಗಿ ಹೊರಡಿಸಿಕೊಂಡು ಷೋರೂಮಿನ ಮೇಲೆ ದಂಡೆತ್ತಿ ಹೋದರು. ಎ.ಸಿ. ಹಾಕಿದರೆ ಪೆಟ್ರೋಲ್ ದಂಡ. ಗಾಜು ಇಳಿಸಿದರೆ ಗಾಳಿ ಕಾರನ್ನು ಹಿಂದಕ್ಕೆ ಹಿಡಿದೆಳೆಯುತ್ತದಂತೆ. ಹೀಗಾಗಿ ಎರಡೂ ಇಲ್ಲದೆ, ಮುಚ್ಚಿದ ಪಾತ್ರೆಯಲ್ಲಿ ಬೇಯುವ ಆಲೂಗಡ್ಡೆಗಳಂತೆ ದಂಪತಿಗಳು ಸಾಗಿದರು. (ಎ.ಸಿ. ಬೇಡವೆಂದವರು ಒಬ್ಬರು, ಬೆಂದವರು ಇಬ್ಬರು. ಸಂಸಾರದ ನ್ಯಾಯವೇ ಇಷ್ಟು.) ಅವರನ್ನು ದಾಟಿ ಹೋದ ಸೈಕಲ್ಲಿನವನೊಬ್ಬ ತಿರುಗಿ ನೋಡಿ ಮರುಕಪಟ್ಟ.

ಟೈ ಕಟ್ಟಿದ ಮ್ಯಾನೇಜರ್ ತಣ್ಣಗಿದ್ದ. “ಇಪ್ಪತ್ತಾರು ಸುಳ್ಳಲ್ಲ ಸಾರ್, ಟೆಸ್ಟಲ್ಲಿ ಬಂದಿರೋದು.”

“ಯಾವ ರಸ್ತೇಲಿ ಬಂತು? ತೋರಿಸಿ, ನಾನೂ ಅಲ್ಲೇ ಮನೆ ಮಾಡ್ತೀನಿ!”

“ರಸ್ತೇಲಲ್ಲ ಸಾರ್, ಕೋಣೇಲಿ. ಕಾರನ್ನ ರೋಲರ್ ಮೇಲೆ ನಿಲ್ಲಿಸ್ತಾರೆ. ಚಕ್ರ ತಿರುಗುತ್ತೆ, ಕಾರು ನಿಂತಲ್ಲೇ ಇರುತ್ತೆ. ಎದುರಿಗೊಂದು ದೊಡ್ಡ ಫ್ಯಾನು. ಎ.ಸಿ. ಆಫ್. ಪರದೆ ಮೇಲೆ ಒಂದು ಗೆರೆ ಬರುತ್ತೆ, ಅದು ಹೇಳಿದಷ್ಟೇ ವೇಗದಲ್ಲಿ ಡ್ರೈವರ್ ಓಡಿಸ್ತಾನೆ.”

“ಏರು?”

“ಇರಲ್ಲ.”

“ಗುಂಡಿ?”

“ಇರಲ್ಲ.”

“ಪಕ್ಕದ ಸೀಟಲ್ಲಿ ಹೆಂಡತಿ?”

“ಅವರೂ ಇರಲ್ಲ ಸಾರ್.”

“ಮತ್ತೆ ಇಪ್ಪತ್ತಾರೇನು, ಅರವತ್ತು ಬರುತ್ತೆ!”

“ಎಲ್ಲಾ ಕಂಪನಿಗೂ ಇದೇ ಟೆಸ್ಟು ಸಾರ್, ಒಂದು ಕಾರಿಗೆ ಇನ್ನೊಂದನ್ನ ಹೋಲಿಸೋಕೆ. ಬ್ರೋಷರಲ್ಲಿ ಕೆಳಗೆ ಚುಕ್ಕಿ ಹಾಕಿ ಬರೆದಿದೆಯಲ್ಲ?”

ಬರೆದಿತ್ತು. ಇರುವೆ ಕನ್ನಡಕ ಹಾಕಿಕೊಂಡು ಓದಬೇಕಾದಷ್ಟು ಸಣ್ಣ ಅಕ್ಷರಗಳಲ್ಲಿ. ಇಪ್ಪತ್ತಾರು ಮಾತ್ರ ಅಂಗೈಯಗಲ. ಯಜಮಾನರ ರಕ್ತ ಕುದಿಯಿತು.

“ನಾನೇನು ರೋಲರ್ ಮೇಲೆ ಸಂಸಾರ ಮಾಡ್ತೀನೇನ್ರೀ? ಜನ ಬದುಕೋದು ಗುಂಡೀಲಿ, ನೀವು ಅಳೆಯೋದು ಕೋಣೇಲಿ! ಇದಕ್ಕೆ ಸಹಿ ಹಾಕಿದ ಪುಣ್ಯಾತ್ಮ ಯಾರು? ಅವನಿಗೆ ಆತ್ಮಸಾಕ್ಷಿ ಅನ್ನೋದು ಇದೆಯೋ ಇಲ್ಲವೋ? ರಾತ್ರಿ ನಿದ್ದೆ ಹೇಗೆ ಬರುತ್ತೆ ಅವನಿಗೆ?”

ಬ್ರೋಷರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಹೆಂಡತಿ ಅಲ್ಲಿ ಮೊದಲ ಸಲ ಬಾಯಿ ತೆರೆದಳು. “ಚೆನ್ನಾಗೇ ಬರುತ್ತೆ. ಗೊರಕೆ ಬೇರೆ.”

“ಏನಂದೆ?”

“ನಮ್ಮೆಜಮಾನ್ರೂ ಸಹಿ ಹಾಕೋರೇ” ಎಂದು ಆಕೆ ಮ್ಯಾನೇಜರನತ್ತ ತಿರುಗಿದಳು. “ಮಿಕ್ಸಿ ಡಬ್ಬದ ಮೇಲೆ ‘ಸದ್ದಿಲ್ಲದ ಮಿಕ್ಸಿ’ ಅಂತ ಇರುತ್ತಲ್ಲ, ಅದಕ್ಕೆ. ಗೋಡೆಗೆಲ್ಲ ಸ್ಪಂಜು ಬಡಿದ ಕೋಣೇಲಿ, ಖಾಲಿ ಜಾರಿಟ್ಟು ತಿರುಗಿಸಿ ನೋಡ್ತಾರೆ.”

“ಅಯ್ಯೋ, ಆ ಮಿಕ್ಸೀನಾ!” ಮ್ಯಾನೇಜರನ ತಂಪೆಲ್ಲ ಇಳಿದುಹೋಯಿತು. “ನಮ್ಮನೇಲೂ ಅದೇ ಇರೋದು ಮೇಡಂ. ಹಿಡಿ ಕಾಳು ಹಾಕಿದ್ರೆ ಸಾಕು, ಮಗು ಬೆಚ್ಚಿ ಎದ್ದು ಕೂರುತ್ತೆ, ಪಕ್ಕದ ಮನೆಯೋರು ಗೋಡೆ ಗುದ್ದುತಾರೆ!”

“ಅದು ಹಾಗಲ್ಲ ಕಣ್ರೀ! ಎಲ್ಲಾ ಕಂಪನಿಯೋರೂ ಖಾಲಿ ಜಾರಲ್ಲೇ ಟೆಸ್ಟ್ ಮಾಡೋದು, ಒಂದಕ್ಕೊಂದು ಹೋಲಿಸೋಕೆ…”

ಯಜಮಾನರು ಅಲ್ಲಿಗೇ ನಿಂತುಬಿಟ್ಟರು. ಆ ಮಾತು ಎಲ್ಲೋ ಕೇಳಿದಂತಿತ್ತು. ಕೇಳಿ ಎರಡು ನಿಮಿಷವೂ ಆಗಿರಲಿಲ್ಲ.

ವಾಪಸು ಬರುವಾಗ ಹೆಂಡತಿ ಗಾಜು ಪೂರ್ತಿ ಇಳಿಸಿದಳು. ಯಜಮಾನರು ತಮ್ಮ ಕಡೆಯ ಗಾಜನ್ನೂ ಇಳಿಸಿದರು. ಭಾನುವಾರ ಬೆಳಿಗ್ಗೆ ತಾವಾಗಿಯೇ ಕಾರು ತೊಳೆದು, ಎ.ಸಿ. ಹಾಕಿ, “ಹೊರಡೋಣವೇನೇ ನಿಮ್ಮಮ್ಮನ ಮನೆಗೆ?” ಎಂದರು.

ಹೆಂಡತಿ ಎರಡೂ ಕೈಯಲ್ಲಿ ಒಂದು ಡಬ್ಬ ಎತ್ತಿಕೊಂಡು ಬಂದು ಡಿಕ್ಕಿಯಲ್ಲಿಟ್ಟಳು. ಅಡುಗೆಮನೆಯ ‘ಸದ್ದಿಲ್ಲದ ಮಿಕ್ಸಿ’.

“ಇದ್ಯಾಕೆ? ತೂಕ ಜಾಸ್ತಿ ಆದ್ರೆ ಮೈಲೇಜು…” ಎಂದವರು ನಾಲಗೆ ಕಚ್ಚಿಕೊಂಡರು.

“ಅಮ್ಮನಿಗೆ ಕೊಟ್ಟು ಬರೋಣ ಅಂತ” ಎಂದಳು, ಡಿಕ್ಕಿ ಮುಚ್ಚುತ್ತ. “ನೀವು ಹಾಕಿದ ಸಹಿ ನಿಜ ಆಗೋ ಮನೆ ಅದೊಂದೇ ಕಣ್ರೀ ಇರೋದು.”