ಲಾಂಡ್ರಿಗೆ ಹೊರಟ ಗಾಡಿ

ಗಾಡಿಯ ಕೆಳಗೆ ನೆಲ ಒದ್ದೆಯಾಗಿತ್ತು. ಮುಂದಿನ ಚಕ್ರದ ಪಕ್ಕದಲ್ಲಿ, ಒಂದು ತಟ್ಟೆಯಷ್ಟಗಲ. ಬೇರೆ ದಿನವಾಗಿದ್ದರೆ ಪಿಕಪ್ ಡ್ರೈವರು ಅದನ್ನು ದಾಟಿಕೊಂಡು ಹೋಗಿ ಸ್ಟಾರ್ಟ್ ಮಾಡಿಬಿಡುತ್ತಿದ್ದ. ಅವತ್ತು ಅವನ ಗ್ರಹಚಾರ ನೆಟ್ಟಗಿರಲಿಲ್ಲ. ಬಗ್ಗಿ ಮೂಸಿದ. ಡೀಸೆಲ್.

ಅವತ್ತು ಅವನು ಗಾಡಿಯನ್ನು ಲಾಂಡ್ರಿಗೆ ತೋರಿಸಲು ಒಯ್ಯಬೇಕಿತ್ತು. ಆಸ್ಪತ್ರೆಯ ಮಾಸಿದ ಹಾಸಿಗೆ ಬಟ್ಟೆ ತರುವುದು, ಒಗೆದದ್ದನ್ನು ವಾಪಸ್ ಮುಟ್ಟಿಸುವುದು, ದಿನಾ ಇದೇ ಕೆಲಸ, ದಿನಾ ಸಂಜೆ ಮನೆ. ಟೆಂಪೋ ಸ್ಟ್ಯಾಂಡಿನಲ್ಲಿ ನೊಣ ಹೊಡೆಯುತ್ತ ಕೂತು ಕೂತು, ಸಿಕ್ಕ ಬಾಡಿಗೆಗೆಲ್ಲ ಅಪರಾತ್ರಿಯಲ್ಲಿ ಓಡಿ ಓಡಿ ಅವನಿಗೆ ಬದುಕೇ ಸಾಕಾಗಿತ್ತು. ಈ ಕೆಲಸವೊಂದು ಸಿಕ್ಕರೆ ಮನುಷ್ಯರ ಹಾಗೆ ಬದುಕಬಹುದಿತ್ತು.

ಲಾಂಡ್ರಿಯ ಒಡತಿಗೆ ಎರಡೇ ವಿಷಯ ಆಗುತ್ತಿರಲಿಲ್ಲ: ವಾಸನೆ ಮತ್ತು ಹುಳುಹುಪ್ಪಟೆ. ಹಿಂದಿನ ಗಾಡಿಯವನನ್ನು ಆಕೆ ಬಿಡಿಸಿದ್ದು ದಿಂಬಿನ ಚೀಲವೊಂದು ಮೀನಿನ ವಾಸನೆ ಹೊಡೆಯಿತೆಂದು. ಸ್ಟ್ಯಾಂಡಿನಲ್ಲಿ ಎಲ್ಲರೂ ಆಕೆಯನ್ನು ಮೂಗಿನಮ್ಮ ಎನ್ನುತ್ತಿದ್ದರು, ಬೆನ್ನ ಹಿಂದೆ. ಇಂಥವರ ಮುಂದೆ ಹೋಗುವ ಮುನ್ನಾದಿನ ಡ್ರೈವರು ಸಕ್ಕರೆ ಮೂಟೆಯ ಬಾಡಿಗೆ ಹೊಡೆದಿದ್ದ. ಗಾಡಿ ತುಂಬ ಇರುವೆ. ರಾತ್ರಿ ಎರಡು ಸಲ ಗುಡಿಸಿ, "ಹಾಳಾದ ಇರುವೆ, ನನ್ನ ಅನ್ನಕ್ಕೇ ಮುತ್ಕೊಂಡಿದೆ" ಎಂದು ಅಮ್ಮನ ಮುಂದೆ ಗೋಳಾಡಿ ಮಲಗಿದ್ದ. ಬೆಳಗ್ಗೆ ಇರುವೆ ಮಾಯವಾಗಿ ಡೀಸೆಲ್ ಬಂದಿತ್ತು.

"ಏನಪ್ಪಾ, ಗಾಡಿಗೆ ನಮಸ್ಕಾರ ಮಾಡ್ತಿದೀಯಾ?"

ಪಕ್ಕದ ಮನೆಯ ಕಂಡಕ್ಟರ್ ಮಾವ. ಬಸ್ಸು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಳ್ಳದೆ ಬಾಗಿಲು ದಾಟದ ಮನುಷ್ಯ. ಜೀವಮಾನವೆಲ್ಲ ಬಸ್ಸಿನ ಹಿಂಬಾಗಿಲಲ್ಲಿ ನಿಂತು, ಎಂಜಿನ್ನನ್ನು ದೂರದಿಂದ ಕೇಳಿಸಿಕೊಂಡೇ ಅದರಲ್ಲಿ ಪಂಡಿತರಾಗಿದ್ದರು.

"ಡೀಸೆಲ್ ಸೋರ್ತಿದೆ ಮಾವ."

"ಈಚೆ ಸರಿ." ಕಂಡಕ್ಟರ್ ಮಾವ ಕೂತು ನೆಲದ ಒದ್ದೆಯಲ್ಲಿ ಬೆರಳದ್ದಿದರು, ಮೂಸಿದರು, ಕಣ್ಣು ಮುಚ್ಚಿ ತಲೆಯಾಡಿಸಿದರು. ಆಮೇಲೆ ಅದೇ ಬೆರಳನ್ನು ಗಾಡಿಯ ಅಡಿಗೆ ತೂರಿಸಿ, ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಸವರುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. "ಇಗೋ! ಕನೆಕ್ಟರು. ನೋಡು, ಒದ್ದೆ!"

ಡ್ರೈವರು ಮುಟ್ಟಿ ನೋಡಿದ. ಒದ್ದೆಯೇ ಇತ್ತು.

ಅಷ್ಟರಲ್ಲಿ ಅಮ್ಮ ಪೊರಕೆ ಹಿಡಿದು ಹೊಸ್ತಿಲಿಗೆ ಬಂದಳು. "ಏನೋ ಅದು, ಏನು ಹುಡುಕ್ತಿದೀರಿ? ಅಲ್ಲಿ ನಾನು..."

"ಅಮ್ಮಾ, ಗಾಡಿ ವಿಷಯಕ್ಕೆ ನೀನು ಬಾಯಿ ಹಾಕಬೇಡ! ಮೊದಲೇ ತಲೆ ಕೆಟ್ಟಿದೆ."

"ದೂರ ಇರಿ ಅಮ್ಮ, ಡೀಸೆಲ್ ಅದು," ಎಂದರು ಕಂಡಕ್ಟರ್ ಮಾವ.

"ಡೀಸೆಲ್ ಅಂತ ನನಗೆ ಗೊತ್ತಿಲ್ವಾ?" ಎಂದು ಗೊಣಗಿ ಅಮ್ಮ ಒಳಗೆ ಹೋದಳು. ಮಗ ಹಾಗೆ ಗದರಿದ್ದು ಅವಳ ಮನಸ್ಸಿಗೆ ನಾಟಿತ್ತು.

ಕನೆಕ್ಟರೆಂದರೆ ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ಕು. ಪೈಪನ್ನು ಒತ್ತಿ ಕೂರಿಸಿ ಮೇಲೆ ಒಂದು ಚಿಕ್ಕ ಕ್ಲಿಪ್ಪು ಹಾಕಿದರೆ ಮುಗಿಯಿತು. ತಿರುಗಿಸುವುದಕ್ಕೆ ಅದರಲ್ಲಿ ತಿರುಪೇ ಇಲ್ಲ. ಡ್ರೈವರಿಗೆ ಇದು ಗೊತ್ತಿತ್ತು. ಆದರೆ ಅವನು ಬಾಯಿ ಬಿಡುವಷ್ಟರಲ್ಲಿ ಕಂಡಕ್ಟರ್ ಮಾವ ಬೀದಿಗೆಲ್ಲ ಕೇಳುವಂತೆ ಶಿಳ್ಳೆ ಹಾಕಿ, ಎದುರುಮನೆಯ ನಲ್ಲಿ ರಿಪೇರಿಯವನನ್ನು ಕರೆದಾಗಿತ್ತು. ಅವನು ಮೊಳಕೈ ಉದ್ದದ ಪೈಪ್ ಪಾನಾ ಹೆಗಲ ಮೇಲಿಟ್ಟು ಬಂದ, ಗದೆ ಹೊತ್ತವನ ಹಾಗೆ.

"ಇದು ತಿರುಗಿಸೋದಲ್ಲ ಅಣ್ಣಾ..."

"ಸೋರೋದು ನೀರಾದರೇನು, ಡೀಸೆಲ್ ಆದರೇನು? ಜಾಯಿಂಟು ಜಾಯಿಂಟೇ. ಬಿಗಿ ಮಾಡಿದರೆ ನಿಲ್ಲುತ್ತೆ."

"ಆದ್ರೂ..."

"ನೀನು ಗಾಡಿ ಓಡಿಸೋನು. ನಾನು ಪೈಪಿನೋನು."

"ಬಿಡಪ್ಪ, ಕೆಲಸ ಗೊತ್ತಿರೋನಿಗೆ ಮಾಡೋಕೆ ಬಿಡು," ಎಂದರು ಕಂಡಕ್ಟರ್ ಮಾವ.

ಲಾಂಡ್ರಿಗೆ ಹೊತ್ತಾಗುತ್ತಿತ್ತು. ಇಬ್ಬರೂ ವಯಸ್ಸಿನಲ್ಲಿ ದೊಡ್ಡವರು, ಕರೆಯದೆ ಬಂದು ನೆರವಾಗುತ್ತಿದ್ದವರು. ಬೇಡ ಎಂದು ಖಡಾಖಂಡಿತವಾಗಿ ಹೇಳಲು ಡ್ರೈವರಿಗೆ ನಾಲಗೆ ಬರಲಿಲ್ಲ. ಆ ನಾಲಗೆ ಅಮ್ಮನ ಮುಂದೆ ಮಾತ್ರ ಚುರುಕು. ನಲ್ಲಿಯವನು ಪಾನಾ ಕಚ್ಚಿಸಿ ಉಸಿರು ಬಿಗಿಹಿಡಿದು ಒಂದು ಸುತ್ತು ಎಳೆದ. ಟಪ್ ಎಂದಿತು.

ಡೀಸೆಲ್ ಈಗ ನಿಜವಾಗಿಯೂ ಸುರಿಯತೊಡಗಿತು. ನಲ್ಲಿಯವನ ಮುಖಕ್ಕೆ, ಡ್ರೈವರನ ಒಗೆದ ಅಂಗಿಗೆ, ಎಂಜಿನ್ನಿನ ಮೈಗೆ. "ಮೇಯ್ನ್ ವಾಲ್ವು ಎಲ್ಲಿದೆ?" ಎಂದು ನಲ್ಲಿಯವನು ಕೂಗಿದ. ಡ್ರೈವರು ಹೆಬ್ಬೆರಳಿನಿಂದ ಪೈಪಿನ ಬಾಯಿ ಮುಚ್ಚಿ ಗಾಡಿಯಡಿ ಅಂಗಾತ ಮಲಗಿಯೇ ಇದ್ದ. ಯಾರೋ ಒಂದು ಬಕೆಟ್ಟು ತಂದರು, ಇನ್ಯಾರೋ ಮೇಣದ ತುಂಡು ತಂದರು, ಬೀದಿಯ ಅರ್ಧ ಜನ ಸುಮ್ಮನೆ ನೋಡಲು ಬಂದರು. ಕೊನೆಗೆ ಮೇಣ ತುರುಕಿ ಡೀಸೆಲ್ ನಿಲ್ಲಿಸಿದ ಮೇಲೆ ನಲ್ಲಿಯವನು, "ನಿನ್ನ ಪೈಪು ಹಳೇದು ಕಣೋ, ನನ್ನ ತಪ್ಪಿಲ್ಲ," ಎಂದು ಪಾನಾ ಒರೆಸಿಕೊಂಡು ಹೋದ.

ಡ್ರೈವರು ಲಾಂಡ್ರಿಗೆ ಫೋನ್ ಮಾಡಿದ. "ಸ್ವಲ್ಪ ತಡ ಆಗುತ್ತೆ ಮೇಡಂ."

"ಇನ್ನೊಂದು ಗಾಡಿಯವರಿಗೂ ಹೇಳಿದೀನಿ. ಮಧ್ಯಾಹ್ನದ ಮೇಲೆ ಬರ್ತಾರೆ. ಅವರಿಗಿಂತ ಮುಂಚೆ ಬಂದರೆ ನಿಮ್ಮದು ನೋಡ್ತೀನಿ," ಎಂದರು ಮೂಗಿನಮ್ಮ. "ಏನೋ ವಾಸನೆ ಬರ್ತಿದೆಯಲ್ಲ?" ಎಂದು ಆಕೆ ಕೇಳಿಯೇಬಿಡುತ್ತಾರೆ ಎಂದು ಹೆದರಿ ಅವನು ಫೋನಿಟ್ಟ.

ಬಿಡಿಭಾಗದ ಅಂಗಡಿಗೆ ಓಡಿ ಹೊಸ ಕನೆಕ್ಟರು ತಂದ. ಮತ್ತೆ ಗಾಡಿಯಡಿ ತೂರಿದ. ಕಂಡಕ್ಟರ್ ಮಾವ ಕದಲಿರಲಿಲ್ಲ. ಮನೆಯಲ್ಲಿ ಅವರ ಮಾತು ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ಬೀದಿಯಲ್ಲಿ ಅವರಿಗೆ ಪುರುಸೊತ್ತು ಬೇಕಾದಷ್ಟಿತ್ತು.

"ಕ್ಲಿಪ್ಪು ಹಿಡ್ಕೊಂಡಿರಿ ಮಾವ, ಬೀಳಿಸಬೇಡಿ."

"ನಿಶ್ಚಿಂತೆಯಾಗಿರು. ಒಂದು ದಿನಾನೂ ಒಂದು ಚಿಲ್ಲರೆ ಬೀಳಿಸಿದವನಲ್ಲ ನಾನು."

ಡ್ರೈವರು ಪೈಪು ಒತ್ತಿದ. ಕೂತಿತು. ಕ್ಲಿಪ್ಪಿಗೆ ಕೈ ಚಾಚುವಷ್ಟರಲ್ಲಿ ಮೇಲೆ ಸೀಟಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಕಂಡಕ್ಟರ್ ಮಾವ ಅದನ್ನೆತ್ತಿ, "ಹಲೋ! ಲಾಂಡ್ರಿಯಾ? ಹೊರಟ್ವಿ ಮೇಡಂ, ದಾರಿಯಲ್ಲಿದೀವಿ, ರೈಟ್!" ಎಂದು ಕೂಗಿ ಇಟ್ಟುಬಿಟ್ಟರು. ಡ್ರೈವರು ಗಾಬರಿಯಲ್ಲಿ ತಲೆ ಎತ್ತಿ ಗಾಡಿಯ ತಳಕ್ಕೆ ಹೊಡೆಸಿಕೊಂಡು ಹೊರಗೆ ಬಂದ. "ದಾರಿಯಲ್ಲೆಲ್ಲಿದೀವಿ ಮಾವ? ನಾನು ಸ್ನಾನವಾದರೂ ಮಾಡಬೇಡ್ವಾ?"

ಸ್ಟಾರ್ಟ್ ಮಾಡಿದ. ಒಂದು ಹನಿಯೂ ಸೋರಲಿಲ್ಲ. ಸೋಪಿನ ನೀರು ಹುಯ್ದು ಗಾಡಿ ತಿಕ್ಕಿದ, ಅದೇ ಸೋಪಿನಿಂದ ತನ್ನನ್ನೂ ತಿಕ್ಕಿಕೊಂಡ. ಬೇರೆ ಅಂಗಿ ತೊಟ್ಟು ಹೊರಗೆ ಬಂದರೆ ಮುಂದಿನ ಚಕ್ರದ ಪಕ್ಕ, ನೆಲದ ಸೋಪಿನ ನೀರಿನ ಮೇಲೆ ಡೀಸೆಲಿನ ಬಣ್ಣಬಣ್ಣದ ಪೊರೆ ತೇಲುತ್ತಿತ್ತು.

ಅವನಿಗೆ ಅಳುವೇ ಬಂತು. ಮತ್ತೆ ಮಂಡಿಯೂರಲು ಹೊರಟ.

"ಏಳೋ, ಅಂಗಿ ಕೊಳೆಯಾಗುತ್ತೆ," ಎಂದಳು ಅಮ್ಮ ಬಾಗಿಲಿಂದ. "ಬೈದರೂ ಬೈಯಿ, ಹೇಳಿಬಿಡ್ತೀನಿ. ಅಲ್ಲಿ ಡೀಸೆಲ್ ಹಾಕಿದ್ದು ನಾನು. ಇರುವೆ ಇರುವೆ ಅಂತ ಒದ್ದಾಡಿದೆಯಲ್ಲ, ನೀನು ಮಲಗಿದ ಮೇಲೆ ಕ್ಯಾನಲ್ಲಿದ್ದದ್ದನ್ನ ಇರುವೆ ಹತ್ತುತ್ತಿದ್ದ ಆ ಚಕ್ರದ ಪಕ್ಕ ಸುರಿದೆ. ಒಂದೂ ಹತ್ತದೆ ಇರಲಿ ಅಂತ. ಬೆಳಗ್ಗೆ ಹೇಳೋಕೆ ಬಂದರೆ ನೀನು..."

ಡ್ರೈವರು ಎದ್ದು ನಿಂತ. ಒಡೆದ ಕನೆಕ್ಟರು, ಹಾಳಾದ ಅಂಗಿ, ಬೀದಿಯ ಮುಂದೆ ಹೋದ ಮಾನ, ಎಲ್ಲ ಸೋರದೇ ಇದ್ದ ಪೈಪಿಗೋಸ್ಕರ! ಕಂಡಕ್ಟರ್ ಮಾವ ನೆಲದ ಡೀಸೆಲಿನಲ್ಲಿ ಅದ್ದಿ ಪೈಪಿಗೆ ಸವರಿದ ಆ ಬೆರಳು ನೆನಪಾಯಿತು. ಅಮ್ಮನ ಮೇಲೆ ರೇಗೋಣವೆಂದರೆ ಅವಳ ಮುಖ ನೋಡಿ ಆಗಲಿಲ್ಲ. ಬೆಳಗ್ಗೆ ಅವಳ ಬಾಯಿ ಮುಚ್ಚಿಸಿದವನು ತಾನೇ. ತನ್ನ ಮೇಲೇ ಅವನಿಗೆ ಅಸಹ್ಯ ಹುಟ್ಟಿತು.

"ಅದಕ್ಕೇ ಈಗಲೂ ಅಲ್ಲಿ..." ಎಂದು ಅಮ್ಮ ಶುರು ಮಾಡಿದಳು.

"ಗೊತ್ತಾಯ್ತಮ್ಮ, ಎಲ್ಲ ಗೊತ್ತಾಯ್ತು. ಇನ್ನು ಆ ಒದ್ದೆ ನೋಡಿ ನಾನು ಬೇಸ್ತು ಬೀಳಲ್ಲ," ಎಂದು ಅವನು ಗಾಡಿ ಹತ್ತಿದ.

"ನಾನೂ ಬರ್ತೀನಿ, ಆ ಮೇಡಂ ಹತ್ತಿರ ಮಾತಾಡಿದವನು ನಾನು ತಾನೆ," ಎಂದು ಕಂಡಕ್ಟರ್ ಮಾವ ಪಕ್ಕದ ಸೀಟಿಗೆ ಹತ್ತಿ ಬಾಗಿಲು ಬಡಿದರು. "ರೈಟ್! ರೈಟ್!"

ಗಾಡಿ ಚೆನ್ನಾಗಿಯೇ ಓಡಿತು. ಇರುವೆಯಿಲ್ಲ, ಸೋಪಿನ ಘಮ. ಪೇಟೆ ದಾಟಿತು, ಹಳ್ಳದಿಣ್ಣೆಯ ರಸ್ತೆ ದಾಟಿತು. ಡ್ರೈವರು ಎಷ್ಟೋ ದಿನಗಳ ಮೇಲೆ ಸಣ್ಣಗೆ ಶಿಳ್ಳೆ ಹಾಕಿದ. ಲಾಂಡ್ರಿಯ ಗೇಟು ಕಂಡಿತು. ಗೇಟಿನಲ್ಲಿ ಮೂಗಿನಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತದ್ದೂ ಕಂಡಿತು. ಆಗ ಗಾಡಿ ಎರಡು ಸಲ ಕೆಮ್ಮಿ, ಮೈ ನಡುಗಿಸಿ, ರಸ್ತೆಯ ಮಧ್ಯೆ ನಿಂತುಬಿಟ್ಟಿತು. ಕೆಳಗಿನಿಂದ ಡೀಸೆಲ್ ವಾಸನೆ ಗಪ್ಪೆಂದು ಮೇಲೆದ್ದಿತು.

ಹಿಂದಿನಿಂದ ಬಂದ ಇನ್ನೊಂದು ಪಿಕಪ್ಪು ಹಾರ್ನ್ ಹೊಡೆದು, ಅವರನ್ನು ಬಳಸಿಕೊಂಡು ಗೇಟಿನೊಳಗೆ ಹೋಯಿತು. ಮೂಗಿನಮ್ಮ ಇತ್ತ ಒಮ್ಮೆ ಗಾಳಿ ಮೂಸಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಅದರ ಹಿಂದೆಯೇ ಒಳಗೆ ನಡೆದರು.

"ನನ್ನ ಅನುಭವದಲ್ಲಿ ಹೇಳೋದಾದರೆ," ಕಂಡಕ್ಟರ್ ಮಾವ ಯೋಚಿಸುತ್ತ ಕಿವಿ ಕೆರೆದುಕೊಂಡರು, "ಎಲ್ಲೋ ಪೈಪು ಕಳಚಿದೆ."

ಕೆರೆದ ಕೈಗೆ ಪೆನ್ಸಿಲು ಉದುರಿತು. ಅದರ ಹಿಂದೆ ಇನ್ನೊಂದು ಚಿಕ್ಕ ವಸ್ತು ಡ್ರೈವರನ ತೊಡೆಯ ಮೇಲೆ ಬಿತ್ತು. ಹೊಚ್ಚ ಹೊಸ ಕ್ಲಿಪ್ಪು.

"ನೋಡಿದೆಯಾ?" ಎಂದರು ಕಂಡಕ್ಟರ್ ಮಾವ, ಹೆಮ್ಮೆಯಿಂದ. "ಬೀಳಿಸಿಲ್ಲ!"

ಡ್ರೈವರು ಕ್ಲಿಪ್ಪನ್ನು ತೊಡೆಯಿಂದೆತ್ತಿ ಹಿಡಿದು ನೋಡಿದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

"ಮಗಾ, ನೀನು ನನ್ನ ಮಾತು ಪೂರ್ತಿ ಕೇಳದೆ ಹೊರಟುಬಿಟ್ಟೆ," ಎಂದಳು ಅಮ್ಮ. "ಅದಕ್ಕೇ ಈಗಲೂ ಅಲ್ಲಿ ಇನ್ನೊಂದು ಸುತ್ತು ಹಾಕೋಣ ಅಂದುಕೊಂಡೆ, ಆದರೆ ಕ್ಯಾನು ನಿನ್ನೆನೇ ಖಾಲಿ. ಸೋಪು ನೀರಲ್ಲಿ ಹಳೇದೂ ತೊಳೆದುಹೋಗಿತ್ತು. ಅದೊಂದೇ ನನಗೆ ಭಯ. ಗಾಡಿಗೆ ಇರುವೆ ಹತ್ತಲಿಲ್ಲ ತಾನೆ?"

ಡ್ರೈವರು ಖಾಲಿ ಗಾಡಿಯೊಳಗೆ ಒಮ್ಮೆ ಹೊರಳಿ ನೋಡಿದ.

"ಇಲ್ಲಮ್ಮ," ಎಂದ. "ಒಂದೂ ಇಲ್ಲ."