ಗುಂಡಣ್ಣನ ಜೀಪು ಎತ್ತರವಾದದ್ದು

ಇಷ್ಟಕ್ಕೆಲ್ಲ ಮೂಲ ಬನಶಂಕರಿ ದೇವಸ್ಥಾನದ ಗಂಟೆ. ಅದನ್ನು ಕಟ್ಟಿದವನು ಯಾರೋ ತೆಂಗಿನಮರದಂಥ ಮನುಷ್ಯನಿರಬೇಕು, ತನ್ನ ಅಳತೆಗೆ ಕಟ್ಟಿ ಹೋಗಿದ್ದ. ಗುಂಡಣ್ಣ ಅದನ್ನು ಮುಟ್ಟಬೇಕಾದರೆ ಎಗರಬೇಕು. ಹೋದ ಶುಕ್ರವಾರ ಎರಡು ಸಲ ಎಗರಿ, ಎರಡು ಸಲವೂ ತಪ್ಪಿ, ಇನ್ನೊಂದು ಸಲಕ್ಕೆಂದು ಪಂಚೆ ಎತ್ತಿ ಕಟ್ಟುತ್ತಿದ್ದಾಗ ಪಕ್ಕದಿಂದ ಹಸಿರು ಬಳೆಯ ಕೈಯೊಂದು ಸುಮ್ಮನೆ ಮೇಲೆದ್ದು ಗಂಟೆ ಬಾರಿಸಿತು. "ನಿಮ್ ಪಾಲಿಂದೂ ಆಯ್ತು" ಎಂದಷ್ಟೇ ಹೇಳಿ ಆ ಹುಡುಗಿ ಒಳಗೆ ಹೋದಳು. ನಗಲಿಲ್ಲ. ನಕ್ಕಿದ್ದರೆ ಗುಂಡಣ್ಣ ಸಂಜೆಯೊಳಗೆ ಮರೆತುಬಿಡುತ್ತಿದ್ದ.

ಅಂದಿನಿಂದ ಆ ಗಂಟೆ ಅವನ ತಲೆಯೊಳಗೆ ನಿಲ್ಲಲೇ ಇಲ್ಲ. ಜಯನಗರದಲ್ಲಿ ಆಗಿನ್ನೂ ಮನೆಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಮನೆ ಕಟ್ಟುವವರಿಗೆ ಗುಂಡಣ್ಣನ ಗೂಡಿನ ಇಟ್ಟಿಗೆ ಹೋಗುತ್ತಿತ್ತು. ಆ ವಾರ ಒಬ್ಬರ ಇಟ್ಟಿಗೆ ಇನ್ನೊಬ್ಬರ ಸೈಟಿನಲ್ಲಿ ಇಳಿಯಿತು. ಬೈದವರಿಗೆ ಅವನು ನಗುಮುಖದಿಂದ "ಆಗ್ಲಿ" ಎಂದ. ಗೂಡಿನ ಹೊಗೆ ಬೆಳಗಿನ ಮಂಜಿನೊಳಗೆ ಬೆರೆತು ಸಾರಕ್ಕಿ ಕೆರೆಯ ಕಡೆಗೆ ತೇಲಿಹೋಗುವುದನ್ನು ನೋಡುತ್ತ ನಿಂತರೆ ಅವನಿಗೆ ತಿಂಡಿಯ ನೆನಪೂ ಇರುತ್ತಿರಲಿಲ್ಲ. ಹುಡುಗಿ ಸಾರಕ್ಕಿಯವಳೆಂದು ಪತ್ತೆ ಮಾಡಿಕೊಂಡು ಮನೆಯಲ್ಲೂ ಹೇಳಿದ್ದ.

ಭಾನುವಾರ ಬೆಳಿಗ್ಗೆ ಅವನನ್ನು ಸಾಕಿದ ಸೋದರತ್ತೆ ಅಕ್ಕಯಮ್ಮ ರೊಟ್ಟಿ ತಟ್ಟುತ್ತಲೇ ಸುದ್ದಿ ಹೇಳಿದಳು.

"ಲೇ ಗುಂಡ, ಸಾರಕ್ಕಿ ತಿಮ್ಮರಾಯಪ್ಪನೋರು ಹೇಳಿ ಕಳ್ಸಿದಾರೆ. ಮಗಳು ಸರಸ್ವತೀನ ನೋಡೋಕೆ ಇವತ್ತು ಸಂಜೇನೇ ಬರ್ಬೇಕಂತೆ. ಅವ್ಳೇ ಕಣೋ, ನಿನ್ನ ಗಂಟೆ ಹುಡುಗಿ!"

ಗುಂಡಣ್ಣನ ಸಂತೋಷ ಅರ್ಧ ರೊಟ್ಟಿಯವರೆಗೆ ಬಾಳಿತು. ಉಳಿದರ್ಧವನ್ನು ಅವನು ತಟ್ಟೆಯಲ್ಲೇ ಬಿಟ್ಟ.

"ಅತ್ತೆ, ಅವಳು ನನಗಿಂತ ಅರ್ಧ ಗೇಣು ಎತ್ತರ."

"ಇದ್ರೆ ಏನೀಗ? ನೀನು ಎಗರಿದ್ದನ್ನ ಅವಳು ಕಣ್ಣಾರೆ ನೋಡಿದಾಳಲ್ಲ."

"ಅವಳು ನೋಡಿದಾಳೆ. ಅವರಪ್ಪ ನೋಡಿಲ್ವಲ್ಲ. ಹುಡುಗ ಗಿಡ್ಡ, ಬೇಡ ಅಂದ್ಬಿಟ್ರೆ?"

ಅಷ್ಟು ಹೇಳಿ ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ. ಎದುರಿಗೆ ಜೀಪು ನಿಂತಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಮೇಲೆ ಹೊದಿಕೆಯಿಲ್ಲ. ಮೆಕ್ಯಾನಿಕ್ ರಾಮಯ್ಯ ಒಂದು ವರ್ಷದಿಂದ ಹೇಳುತ್ತಲೇ ಇದ್ದ: "ಅಣ್ಣ, ಗಾಡಿಜಾಡಲ್ಲಿ ಹೊಟ್ಟೆ ಉಜ್ಜುತ್ತೆ. ಸ್ಪ್ರಿಂಗಿಗೆ ಲಾರಿ ಪಟ್ಟಿ ಕೊಟ್ಟು ಎತ್ತರ ಮಾಡ್ಬಿಡೋಣ." ಗುಂಡಣ್ಣ ಕೇಳಿಯೂ ಕೇಳದವನಂತೆ ಇದ್ದುಬಿಟ್ಟಿದ್ದ. ಇವತ್ತು ಆ ಮಾತು ಮನೆದೇವರೇ ಆಡಿದ ಹಾಗೆ ಕಂಡಿತು. ಮನುಷ್ಯನನ್ನು ಎತ್ತರ ಮಾಡುವ ಮೆಕ್ಯಾನಿಕ್ ಬೆಂಗಳೂರಿನಲ್ಲಿಲ್ಲ; ಜೀಪನ್ನು ಮಾಡುವವನಿದ್ದಾನೆ.

ಮಾಡಿಸುವುದೋ ಬಿಡುವುದೋ ಎಂದು ಅವನು ಜೀಪಿನ ಸುತ್ತ ತಿರುಗುವುದನ್ನು ಪಕ್ಕದ ಮನೆಯ ಗಂಗಾಧರಯ್ಯ ನೋಡಿದರು. ಅವರು ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿದ್ದು ನಿವೃತ್ತರಾದವರು. ಮೇಲ್ವಿಚಾರಣೆಗೆ ರಸ್ತೆಗಳು ಸಿಗದೆ ಈಗ ನೆರೆಹೊರೆಯನ್ನು ಹಿಡಿದಿದ್ದರು.

"ನೋ, ನೋ! ಎತ್ತರ ಮಾಡ್ಸಿದ್ರೆ ಭಾರ ಎಲ್ಲಾ ಮೇಲಕ್ಕೆ ಹೋಗುತ್ತೆ. ತಿರುವಿನಲ್ಲಿ ಮಗುಚ್ಕೊಳ್ತೀರಿ. ಸರ್ವೀಸಲ್ಲಿ ಎಷ್ಟು ನೋಡಿಲ್ಲ ನಾನು!"

"ಜಾಡಲ್ಲಿ ಹೊಟ್ಟೆ ಉಜ್ಜುತ್ತೆ ಸಾರ್" ಎಂದ ಗುಂಡಣ್ಣ ಸಣ್ಣ ದನಿಯಲ್ಲಿ.

ಅಕ್ಕಯಮ್ಮ ಕಿಟಕಿಯಿಂದ ಗುಟ್ಟು ಬಿಟ್ಟಳು. "ಹೊಟ್ಟೆ ಅಲ್ಲ ಗಂಗಾಧರಯ್ಯನೋರೆ, ಹೆಣ್ಣು! ಸಂಜೆ ಹೆಣ್ಣು ನೋಡೋಕೆ ಹೋಗ್ಬೇಕು. ಜೀಪಲ್ಲಿ ಕೂತು ಉದ್ದ ಕಾಣ್ತಾನಂತೆ. ತಾಳಿ ಕಟ್ಟೋಕೂ ಜೀಪಲ್ಲೇ ಹೋಗ್ತಾನೋ ಏನೋ, ಕೇಳಿ."

ಗಂಗಾಧರಯ್ಯ ಗಾಳಿ ಬಂದ ಕಡೆ ತೂರಿಕೊಳ್ಳುವ ಪೈಕಿ. "ಮೊದಲೇ ಹೇಳೋದಲ್ವೇನ್ರಿ! ಹಾಗಾದ್ರೆ ಮಾಡಿಸ್ಲೇಬೇಕು. ನಮ್ಮ ಸಾಹೇಬರೊಬ್ರು ಇದ್ರು, ಕ್ಯಾಂಪಿಗೆ ಬಂದ್ರೆ ಜೀಪಿಂದ ಇಳೀತಾನೇ ಇರ್ಲಿಲ್ಲ. ಇದ್ದದ್ದು ಐದಡಿ. ಇಡೀ ತಾಲೂಕು ಅವರನ್ನ ಆರಡಿ ಅಂತ ನಂಬಿತ್ತು. ನೀವೂ ಇಳೀಬೇಡಿ. ಸೀದಾ ಜಗಲಿ ಪಕ್ಕಕ್ಕೆ ಹೊಡೀರಿ, ಜೀಪಿಂದ ಜಗಲಿಗೆ ಕಾಲಿಡಿ, ಕೂತ್ಕೊಳ್ಳಿ. ಕೂತ ಮೇಲೆ ಎಲ್ಲರೂ ಒಂದೇ."

ಕೂತ ಮೇಲೆ ಎಲ್ಲರೂ ಒಂದೇ! ಗುಂಡಣ್ಣನ ಕಣ್ಣು ಅರ್ಧ ಮುಚ್ಚಿತು. ಜೀಪಿನ ಬಾನೆಟ್ಟಿನ ಮೇಲೆ ಬಾಳೆಕಂಬ ಕಟ್ಟಿದ್ದರು. ಪಕ್ಕದ ಸೀಟಿನಲ್ಲಿ ಸರಸ್ವತಿ, ಇಬ್ಬರ ಬಾಸಿಂಗವೂ ಒಂದೇ ಸಮಕ್ಕೆ. ಜೀಪು ಮಂಜಿನಲ್ಲಿ, ಚಕ್ರ ನೆಲಕ್ಕೆ ತಾಗಿಯೂ ತಾಗದ ಹಾಗೆ ಕೆರೆ ಏರಿಯ ಮೇಲೆ ಹೋಗುತ್ತಿತ್ತು. ಎಲ್ಲೋ ಗಂಟೆ ಬಾರಿಸುತ್ತಿತ್ತು. ಅವನು ಕಣ್ಣು ಬಿಡುವ ಹೊತ್ತಿಗೆ ಗಂಗಾಧರಯ್ಯ ಷರಾಯಿ ಹಾಕಿಕೊಂಡು ಜೀಪಿನಲ್ಲಿ ಕುಳಿತಾಗಿತ್ತು.

ರಾಮಯ್ಯನ ಶೆಡ್ಡು ಸೌತ್ ಎಂಡಿನ ಹತ್ತಿರ ಹುಣಸೆಮರದ ಕೆಳಗೆ. ಅವನು ಜೀಪನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿ, ಹಳೆಯ ಸ್ಪ್ರಿಂಗ್ ಪಟ್ಟಿಗಳ ಜೊತೆಗೆ ಲಾರಿಯ ದಪ್ಪ ಪಟ್ಟಿಗಳನ್ನು ಸೇರಿಸಿ ಬೋಲ್ಟು ಬಿಗಿದ. ಗುಂಡಣ್ಣ "ಇನ್ನೊಂದು ಹಾಕು" ಎಂದ. ಗಂಗಾಧರಯ್ಯ "ಹೋಗ್ಲಿ, ಇನ್ನೊಂದು" ಎಂದರು. ಮಧ್ಯಾಹ್ನ ದಿಮ್ಮಿ ತೆಗೆದಾಗ ಜೀಪು ಹಳೆಯ ಜಾಗಕ್ಕೆ ಇಳಿಯಲೇ ಇಲ್ಲ. ತುದಿಗಾಲಲ್ಲಿ ನಿಂತ ಹಾಗೆ ನಿಂತಿತ್ತು.

ಹತ್ತಲು ಹೋದ ಗುಂಡಣ್ಣ ಒಂದು ಕಾಲು ಮೇಲಿಟ್ಟು, ಇನ್ನೊಂದು ಕೆಳಗೇ ಉಳಿದು ನೇತಾಡಿದ. ರಾಮಯ್ಯ ಹಿಂದಿನಿಂದ ತಳ್ಳಿದ. ಓಡಿಸಿ ನೋಡಿದರೆ ಪಟ್ಟಿಗಳು ಸ್ವಲ್ಪವೂ ಬಗ್ಗುತ್ತಿರಲಿಲ್ಲ; ದಾರಿಯಲ್ಲಿದ್ದ ಹುಣಸೆಬೀಜ ಕೂಡ ಹಲ್ಲಿಗೆ ತಿಳಿಯುತ್ತಿತ್ತು. ಆದರೆ ಅವನಿಗೆ ಅದರ ಪರಿವೆ ಎಲ್ಲಿ? ಹುಟ್ಟಿದಾರಭ್ಯ ಮೊದಲ ಸಲ ಕಾಂಪೌಂಡು ಗೋಡೆಗಳ ಆಚೆಗೆ ಏನಿದೆಯೆಂದು ಅವನಿಗೆ ಕಾಣುತ್ತಿತ್ತು. ಎಲ್ಲರ ಹಿತ್ತಲಲ್ಲೂ ಚೆಂಡುಹೂ ಇತ್ತು. ಲೋಕ ಇಷ್ಟು ಚೆನ್ನಾಗಿದೆಯೆಂದು ಉದ್ದದವರು ಯಾರೂ ತನಗೆ ಹೇಳಲಿಲ್ಲವಲ್ಲ ಎಂದು ಸ್ವಲ್ಪ ಬೇಸರವೂ ಆಯಿತು.

ಮನೆಗೆ ಬಂದ ಮೇಲೆ ಅಕ್ಕಯಮ್ಮನನ್ನು ಹತ್ತಿಸುವುದೇ ಒಂದು ಕೆಲಸವಾಯಿತು. ಕೊನೆಗೆ ಇಟ್ಟಿಗೆಗಳನ್ನು ಮೆಟ್ಟಿಲು ಮಾಡಿ, ಗಂಗಾಧರಯ್ಯ "ಸ್ವಲ್ಪ ಎಡಕ್ಕೆ, ಸ್ವಲ್ಪ ಎಡಕ್ಕೆ" ಎಂದು ನಿರ್ದೇಶನ ಕೊಟ್ಟು, ಅವಳನ್ನು ಹಿಂದಿನ ಸೀಟಿಗೆ ಸೇರಿಸಿದರು. ಇಳಿಯಲು ಬೇಕಲ್ಲ ಎಂದು ಇಟ್ಟಿಗೆಗಳನ್ನೂ ತುಂಬಿಕೊಂಡರು.

"ಇನ್ನೊಂಚೂರು ಕೊರತೆ ಇದೆ" ಎಂದು ಗಂಗಾಧರಯ್ಯ ತಮ್ಮ ಮನೆಯಿಂದ ಹತ್ತಿಯ ದಿಂಬೊಂದನ್ನು ತಂದು ಗುಂಡಣ್ಣನ ಕೆಳಗೆ ತುರುಕಿದರು. ಅದೂ ಸಾಲದೆಂದು, ತಮ್ಮ ಮದುವೆಯ ಮೈಸೂರು ಪೇಟ ತಂದು ಅವನ ತಲೆಗೇರಿಸಿದರು. ಅಕ್ಕಯಮ್ಮ ಮಾತ್ರ ಹಿಂದಿನಿಂದ ಗೊಣಗಿದಳು. "ಹೆಣ್ಣು ಕೇಳಿದ್ದು ನಿನ್ನ. ಹೋಗ್ತಿರೋದು ದಿಂಬು, ಪೇಟ, ಲಾರಿ ಪಟ್ಟಿ."

ಸಾರಕ್ಕಿಯ ದಾರಿ ಅವನಿಗೆ ಕನಸಿನಲ್ಲಿ ನಡೆದ ಹಾಗೆ ನಡೆಯಿತು. ಬಿಸಿಲು ಓರೆಯಾಗಿತ್ತು. ರಾಗಿಹೊಲದ ಮೇಲೆ ಗಾಳಿ ಹೋಗುವುದು ಮೇಲಿನಿಂದ ನೋಡಿದರೆ ಕೆರೆಯ ನೀರಿನಂತೆ ಕಾಣುತ್ತಿತ್ತು. ಬೇಲಿಯಾಚೆ ಕಳೆ ಕೀಳುತ್ತಿದ್ದ ಹೆಂಗಸರು ತಲೆಯೆತ್ತಿ "ಯಾರೋ ದೊಡ್ಡ ಮನುಷ್ಯ" ಎಂದರು. ದೊಡ್ಡ ಮನುಷ್ಯ! ಗುಂಡಣ್ಣ ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿದ. ಈ ಹುಡುಗಿ ಸಿಗದಿದ್ದರೆ ತನಗೆ ಬೇರೆ ಯಾರೂ ಬೇಡವೆಂದು ಅವನಿಗೆ ಆಗ ಖಚಿತವಾಗಿ ಅನ್ನಿಸಿತು.

ತಿಮ್ಮರಾಯಪ್ಪನವರದು ಸಾರಕ್ಕಿಯ ಹಳೆಯ ಮನೆ. ಎತ್ತಿನಗಾಡಿ ಹೋಗುವಷ್ಟು ಅಗಲದ ಹೆಬ್ಬಾಗಿಲು, ಮೇಲೆ ಅಡ್ಡಲಾಗಿ ಹಲಸಿನ ತೊಲೆ, ಒಳಗೆ ಅಂಗಳ, ಅಂಗಳದಾಚೆ ಜಗಲಿ. ಜಗಲಿಯ ಮೇಲೆ ತಿಮ್ಮರಾಯಪ್ಪ, ಅವರ ತಾಯಿ ಮುನಿಲಕ್ಷ್ಮಮ್ಮ ಕಾದು ಕುಳಿತಿದ್ದರು. ಕಂಬದ ಮರೆಯಲ್ಲಿ ಹಸಿರು ಬಳೆ ಕಂಡಿತು. ಗುಂಡಣ್ಣ ಬಳೆಯನ್ನು ನೋಡುತ್ತ ಸೀದಾ ಒಳಕ್ಕೆ ಹೊಡೆದ.

"ತಲೆ! ತಲೆ!" ಎಂದು ಹಿಂದಿನ ಸೀಟಿನಿಂದ ಕೂಗಿ ಗಂಗಾಧರಯ್ಯ ತಾವು ಬಗ್ಗಿದರು, ಅಕ್ಕಯಮ್ಮನನ್ನೂ ಬಗ್ಗಿಸಿದರು. ಗುಂಡಣ್ಣ ಇಪ್ಪತ್ತೆಂಟು ವರ್ಷದಲ್ಲಿ ಯಾವ ಬಾಗಿಲಿಗೂ ತಲೆ ಬಗ್ಗಿಸಿದವನಲ್ಲ. ಆ ಅಭ್ಯಾಸವೇ ಅವನಿಗಿರಲಿಲ್ಲ.

ಧಡ್ ಎಂದು ಸದ್ದಾಯಿತು. ಪೇಟ ಹಾರಿ ಹಸುವಿನ ಬಾನಿಯ ಪಕ್ಕದಲ್ಲಿ ಬಿತ್ತು. ಜೀಪು ಅಂಗಳದ ನಡುವೆ ನಿಂತಿತು.

ಮುನಿಲಕ್ಷ್ಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನಮ್ಮಪ್ಪ! ಇವ್ನೂ ಹೊಡಕಂಡ್ನಲ್ಲೋ!"

ತಿಮ್ಮರಾಯಪ್ಪ ಹಣೆ ಒತ್ತಿಕೊಳ್ಳುತ್ತ ಎದ್ದು ಬಂದರು. "ಏನ್ ಕೆಲ್ಸ ಆಗೋಯ್ತಪ್ಪ! ನಮ್ಮನೆ ಪದ್ಧತಿ ಅದು. ಹೆಣ್ಣು ನೋಡೋಕೆ ಬಂದೋನು ಬಾಗ್ಲಿಗೆ ತಲೆ ತಗಲಿಸ್ಕಂಡ್ರೆ ಮನೆದೇವ್ರು ಒಲ್ಲೆ ಅಂದಂಗೆ. ಮೂರು ಸಂಬಂಧ ಹಿಂಗೇ ಹೋಯ್ತು. ಮೂರೂ ಜನ ಉದ್ದಕಿದ್ರು, ಮೂರೂ ಜನ ಆ ಒಳಬಾಗ್ಲಿಗೆ ಹೊಡಕಂಡ್ರು. ಅದಕ್ಕೇ ನಿಮ್ಮ ಹುಡುಕಿದ್ದು."

"ನನ್ನ ಯಾಕೆ?" ಎಂದ ಗುಂಡಣ್ಣ ನೆತ್ತಿ ಸವರಿಕೊಳ್ಳುತ್ತ.

"ಗೂಡಿನ ತಾವ ನೀವು ನಡ್ಕಂಡ್ ಹೋಗೋದ ಕಂಡೆ. ಅಷ್ಟೇ ಎತ್ರ! ಇವ್ನಾದ್ರೆ ನಮ್ ಬಾಗ್ಲಲ್ಲಿ ಸಲೀಸಾಗಿ ತೂರ್ತಾನೆ ಅಂತ ಅವತ್ತೇ ಅಕ್ಕಯಮ್ಮಂಗೆ ಹೇಳಿ ಕಳಿಸ್ದೆ. ಈ ಏಣಿ ಮ್ಯಾಲೆ ಕೂತು ಬತ್ತೀರಾ ಅಂತ ಯಾರಿಗ್ ಗೊತ್ತಿತ್ತು?"

ಗುಂಡಣ್ಣನಿಗೆ ಅಳು ಬಂತು. ಬೇಕಾಗಿದ್ದದ್ದು ತನ್ನ ಗಿಡ್ಡತನವೇ. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಅವನು ಹೊತ್ತು ತಂದಿದ್ದ.

"ಹೆಬ್ಬಾಗಿಲು ಲೆಕ್ಕಕ್ಕಿಲ್ಲ ಅಲ್ವೇ? ಅದು ಗಾಡಿ ಬಾಗಿಲು" ಎಂದು ಗಂಗಾಧರಯ್ಯ ವಾದಕ್ಕಿಳಿದರು.

"ಬಾಗ್ಲು ಬಾಗ್ಲೇ" ಎಂದಳು ಮುನಿಲಕ್ಷ್ಮಮ್ಮ. ಆದರೂ ಬಂದವರನ್ನು ಹಾಗೇ ಕಳಿಸಬಾರದೆಂದು ಒಳಗೆ ಕರೆದಳು. ಗುಂಡಣ್ಣ ಇಟ್ಟಿಗೆಗಳ ಮೇಲೆ ಕಾಲಿಟ್ಟು ಇಳಿದು, ಮೂವರು ಉದ್ದದವರನ್ನು ಕೆಡವಿದ ಆ ಒಳಬಾಗಿಲನ್ನು ದಾಟಿದ. ನೆತ್ತಿಗೂ ಬಾಗಿಲಿಗೂ ಮಧ್ಯೆ ನಾಲ್ಕು ಬೆರಳು ಜಾಗ ಉಳಿಯಿತು. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನೋಡಿದರು. "ಹೆಂಗ್ ಹೋಯ್ತದೆ ನೋಡು, ಅಳತೆ ಕೊಟ್ಟು ಮಾಡಿಸ್ದಂಗೆ" ಎಂದು ಮುದುಕಿ ಕಣ್ಣೊರೆಸಿಕೊಂಡಳು.

ಕಾಫಿ ಕುಡಿದ ಮೇಲೆ ತಿಮ್ಮರಾಯಪ್ಪ ಸಂಕೋಚದಿಂದ ಕೆಮ್ಮಿದರು. "ಒಂದು ಉಪ್ಕಾರ ಆಗ್ಬೇಕಲ್ಲ. ನಾಳೆ ಸುಬ್ರಹ್ಮಣ್ಯಪುರದಿಂದ ಇನ್ನೊಬ್ಬ ಹುಡ್ಗ ಬರ್ತಾನೆ. ನಿಮ್ಮಷ್ಟೇ ಎತ್ರ. ದಾರಿ ಹಳ್ಳಕೊಳ್ಳ, ಬೇರೆ ಯಾವ್ ಗಾಡೀನೂ ಬರಾಕಿಲ್ಲ. ನಿಮ್ ಜೀಪು ಈಗ ಎತ್ರ ಐತಲ್ಲ, ಹೋಗಿ ಕರ್ಕಂಡ್ ಬಂದ್ಬಿಟ್ರೆ..."

ಅಕ್ಕಯಮ್ಮ ಬಾಯಿ ತೆರೆಯುವಷ್ಟರಲ್ಲಿ ಗುಂಡಣ್ಣ ಅಭ್ಯಾಸಬಲದಿಂದ "ಆಗ್ಲಿ" ಎಂದುಬಿಟ್ಟಿದ್ದ.

ಅಕ್ಕಯಮ್ಮನನ್ನು ಮತ್ತೆ ಜೀಪಿಗೆ ಹತ್ತಿಸುವ ಗಲಾಟೆಯಲ್ಲಿ ಎಲ್ಲರೂ ಮುಳುಗಿದ್ದಾಗ ಸರಸ್ವತಿ ಪೇಟವನ್ನು ಒರೆಸಿ ತಂದು ಅವನ ಕೈಗಿಟ್ಟಳು. ಅವಳು ಅರ್ಧ ಗೇಣು ಎತ್ತರವೇ ಇದ್ದಳು. ತಲೆ ತಗ್ಗಿಸಿ ಅವನ ಕಿವಿಯ ಹತ್ತಿರ ಬೇಗ ಬೇಗ ಹೇಳಿದಳು.

"ನಾಳೆ ಅವರನ್ನ ಬಾಗಿಲಾಚೆ ಇಳಿಸ್ಬೇಡಿ. ಜೀಪಲ್ಲಿ ಕೂರಿಸ್ಕೊಂಡೇ ಒಳಗೆ ಬನ್ನಿ. ನಿಮ್ ಪಕ್ಕದಲ್ಲೇ ಕೂರಿಸಿ. ದಿಂಬು ಹಾಕೋದು ಮರೀಬೇಡಿ." ಇಷ್ಟು ಹೇಳಿ ಅವನ ಮುಖವನ್ನೇ ನೋಡಿದಳು. "ಗೊತ್ತಾಯ್ತಾ?"

"ಗೊತ್ತಾಯ್ತು" ಎಂದ ಗುಂಡಣ್ಣ. ಅವಳು ಕೆಂಪಾಗಿ ಒಳಗೆ ಓಡಿದಳು.

ಅವನು ಜೀಪನ್ನು ಮನೆಯ ಕಡೆಗೆ ತಿರುಗಿಸಿದ. ರಾಗಿಹೊಲದ ಮೇಲೆ ಸಂಜೆಯ ಬೆಳಕು ಇನ್ನೂ ಇತ್ತು, ಅವನಿಗೆ ಕಾಣಲಿಲ್ಲ. ಅತ್ತೆಯನ್ನೂ ಗಂಗಾಧರಯ್ಯನವರನ್ನೂ ಮನೆಯ ಮುಂದೆ ಇಳಿಸಿ, ಬೀಗ ಹಾಕುತ್ತಿದ್ದ ರಾಮಯ್ಯನ ಶೆಡ್ಡಿಗೆ ಜೀಪನ್ನು ನುಗ್ಗಿಸಿದ.

"ಬಿಚ್ಚು ರಾಮಯ್ಯ. ಎಲ್ಲಾ ಪಟ್ಟೀನೂ ಬಿಚ್ಚಿಬಿಡು."

"ಯಾಕಣ್ಣ? ಬೆಳಿಗ್ಗೆ ತಾನೇ ಹಾಕಿದ್ದು!"

ಗುಂಡಣ್ಣ ಉಕ್ಕಿ ಬಂದ ದುಃಖವನ್ನು ನುಂಗಿಕೊಂಡ. "ನಾಳೆ ಬರೋ ಹುಡುಗನ ಮೇಲೆ ಆ ಹೆಣ್ಣಿಗೆ ಎಷ್ಟು ಅಕ್ಕರೆ ಅಂತೀಯ! ನೆಲಕ್ಕೆ ಕಾಲಿಡಿಸ್ಬೇಡಿ, ದಿಂಬು ಹಾಕಿ ಕೂರ್ಸಿ, ಅಂತ ನನ್ನ ಕೈಲೇ ಹೇಳಿ ಕಳಿಸಿದಾಳೆ. ಅವಳ ಮಾತು ನಾನು ಮೀರಲ್ಲ, ದಿಂಬು ಹಾಕೇ ಹಾಕ್ತೀನಿ. ಆದ್ರೆ ದಿಂಬೂ ಇದ್ದು ಜೀಪೂ ಎತ್ತರ ಇದ್ರೆ ಅವನ ತಲೆ ತೊಲೆಗೆ ತಗುಲುತ್ತಪ್ಪ. ನನ್ನ ಗತಿ ಅವನಿಗೆ ಬೇಡ. ಬಿಚ್ಚು."

ರಾಮಯ್ಯ ಸ್ಪ್ಯಾನರ್ ಹಿಡಿದು ಜೀಪಿನ ಕೆಳಗೆ ತೂರಿದ. ಬೋಲ್ಟುಗಳು ಬಿಗಿಯಾಗಿದ್ದವು. ಗುಂಡಣ್ಣ ತಾನೂ ತೋಳು ಮಡಚಿ ಅವನ ಪಕ್ಕಕ್ಕೆ ಹೋಗಿ, ಒಂದೊಂದೇ ಪಟ್ಟಿಯನ್ನು ಮನಸ್ಸಿಟ್ಟು ಬಿಚ್ಚಿಸಿದ.